ಹೋಂವರ್ಕ್ ಪುಸ್ತಕ ನಿಜ ಹೇಳಲಿ

ಹೈಸ್ಕೂಲು ವಿದ್ಯಾರ್ಥಿಗಳು ಹೋಂವರ್ಕನ್ನು ಹೇಗೆ ನಿಭಾಯಿಸುತ್ತಿದ್ದಾರೆ, ಎಲ್ಲಿ ಸೋಲುತ್ತಿದ್ದಾರೆ ಎಂಬುದರ ಬಗ್ಗೆ ಓದುಗರಿಂದ ಪ್ರಶ್ನೆಗಳನ್ನು ಕೇಳಿದ್ದೆವು. ವಿದ್ಯಾರ್ಥಿಗಳು, ತಂದೆ-ತಾಯಂದಿರು, ಶಿಕ್ಷಕರು ಎಲ್ಲರೂ ಬರೆದಿದ್ದಾರೆ. ಕೆಲವು ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ. ಬಹಳ ವರ್ಷ ಗಣಿತ ಕಲಿಸಿದವಳಾದ್ದರಿಂದ ಉದಾಹರಣೆಗಳು ಗಣಿತದ ಕಡೆಗೇ ವಾಲಿವೆ. ಹೇಳಿರುವುದು ಮಾತ್ರ ಎಲ್ಲ ವಿಷಯಗಳಿಗೂ ಸಲ್ಲುತ್ತದೆ.

ಪ್ರಶ್ನೆ: ನಾನು ಹತ್ತನೇ ತರಗತಿಯಲ್ಲಿದ್ದೇನೆ. ದಿನವೂ ನಾಲ್ಕೈದು ವಿಷಯಗಳ ಹೋಂವರ್ಕ್ ಇರುತ್ತದೆ. ಸಂಜೆಯೇ ಕುಳಿತರೂ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೆರಡು ದಾಟಿರುತ್ತದೆ. ಮರುದಿನ ಮೊದಲ ಪೀರಿಯಡ್‌ನಲ್ಲೇ ಕಣ್ಣು ಎಳೆಯುತ್ತದೆ. ಸುಲಭವಾದದ್ದನ್ನು ಮೊದಲು ಮುಗಿಸಿ ಗಣಿತವನ್ನು ಕೊನೆಗಿಟ್ಟುಕೊಳ್ಳುತ್ತೇನೆ, ಅಷ್ಟರಲ್ಲಿ ತಲೆ ಓಡುವುದೇ ಇಲ್ಲ. ನಾನು ನಿಧಾನವೋ, ಹೋಂವರ್ಕೇ ಹೆಚ್ಚೋ ಗೊತ್ತಾಗುತ್ತಿಲ್ಲ.

ಉತ್ತರ: ನಿನ್ನ ಕೊನೆಯ ಮಾತಿನಿಂದಲೇ ಆರಂಭಿಸೋಣ. ಅದಕ್ಕೆ ಊಹೆಯಿಂದ ಉತ್ತರ ಸಿಗುವುದಿಲ್ಲ, ಗಡಿಯಾರವನ್ನೇ ಕೇಳಬೇಕು. ಒಂದು ವಾರ ಹೀಗೆ ಮಾಡಿ ನೋಡು: ಪ್ರತಿ ವಿಷಯ ಶುರುಮಾಡುವ ಮೊದಲು ಎಷ್ಟು ನಿಮಿಷ ಹಿಡಿಯಬಹುದು ಎಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆ, ಮುಗಿದ ಮೇಲೆ ನಿಜವಾಗಿ ಹಿಡಿದ ನಿಮಿಷಗಳನ್ನು ಅದರ ಪಕ್ಕದಲ್ಲಿ ಬರೆ. ಎರಡೂ ಅಂಕಿಗಳು ಒಂದಕ್ಕೊಂದು ಹತ್ತಿರವೂ ಇಲ್ಲದಿರುವುದನ್ನು ಕಂಡು ಗಾಬರಿಯಾಗಬೇಡ. ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆಯಾಗಿ ಅಂದಾಜು ಮಾಡುವುದು ದೊಡ್ಡವರಲ್ಲೂ ಇರುವ ಸ್ವಭಾವ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಅದಕ್ಕೊಂದು ಹೆಸರನ್ನೇ ಇಟ್ಟರು. ಕನ್ನಡದಲ್ಲಿ ಯೋಜನಾ ಭ್ರಮೆ ಎನ್ನಬಹುದು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆ ಎಂದುಕೊಂಡಿದ್ದರು, ಆದರೆ ಅವರಿಗೆ 55 ದಿನಕ್ಕೂ ಹೆಚ್ಚು ಹಿಡಿಯಿತು.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಬಯಲಾಗುತ್ತದೆ. ಸಮಯದ ದೊಡ್ಡ ಪಾಲು ಯೋಚಿಸುವುದರಲ್ಲಿ ಹೋಗಿದೆಯೋ, ಪ್ರಶ್ನೆಗಳನ್ನು ಅಂದವಾಗಿ ನಕಲು ಮಾಡಿ, ಸ್ಕೇಲಿನಿಂದ ಅಂಚು ಎಳೆದು, ಶೀರ್ಷಿಕೆಗೆ ಬಣ್ಣದ ಗೆರೆ ಹಾಕುವುದರಲ್ಲಿ ಹೋಗಿದೆಯೋ ಎಂಬುದು ಕಾಣುತ್ತದೆ. ಅಂದವಾದ ಪುಸ್ತಕ ನನಗೂ ಇಷ್ಟವೇ, ಆದರೆ ನಿದ್ದೆಯನ್ನು ಕೊಟ್ಟು ಕೊಳ್ಳುವಷ್ಟು ಬೆಲೆ ಅದಕ್ಕಿಲ್ಲ.

ಇನ್ನು ಕ್ರಮದ ಮಾತು. ಶಾಲೆಯಿಂದ ಬಂದು ಸ್ವಲ್ಪ ವಿಶ್ರಾಂತಿ ಪಡೆದ ನಂತರ ಮನಸ್ಸು ಹಗುರವಾಗಿರುವಾಗ ಗಣಿತವನ್ನೇ ತೆರೆ. ಪೂರ್ತಿ ಮುಗಿಸಬೇಕೆಂಬ ಹಟ ಬೇಡ, ಇಪ್ಪತ್ತೈದು ನಿಮಿಷ ಕುಳಿತರೆ ಸಾಕು. ನಂತರ ಐದು ನಿಮಿಷ ಎದ್ದು ಓಡಾಡು. ಈ ಕ್ರಮವನ್ನು 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರವೊಂದನ್ನು ಇಟ್ಟುಕೊಂಡು ರೂಢಿಸಿಕೊಂಡ. ಅದು ಕೆಲಸಕ್ಕೆ ಬರುವುದಕ್ಕೆ ನನಗೆ ಕಂಡ ಕಾರಣ ಸರಳ: ‘ಗಣಿತ ಮುಗಿಸಬೇಕು’ ಎಂದುಕೊಂಡರೆ ಭಯವಾಗುತ್ತದೆ, ‘ಇಪ್ಪತ್ತೈದು ನಿಮಿಷ ಕೂರಬೇಕು’ ಎಂದುಕೊಂಡರೆ ಆಗುವುದಿಲ್ಲ. ನಕ್ಷೆಗೆ ಬಣ್ಣ ತುಂಬುವುದು, ನೋಟ್ಸ್ ಬರೆದುಕೊಳ್ಳುವುದು ಇತ್ಯಾದಿಗಳನ್ನು ಕೊನೆಗಿಟ್ಟುಕೋ, ದಣಿದ ಕೈಯೂ ಅವನ್ನು ಮಾಡಬಲ್ಲದು.

ಮಲಗುವ ಹೊತ್ತನ್ನು ಮಾತ್ರ ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೋ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಹದಿಹರೆಯದಲ್ಲಿ ದೇಹದ ಒಳಗಡಿಯಾರವೇ ಹಿಂದಕ್ಕೆ ಸರಿದು, ನಿದ್ದೆ ತರುವ ಮೆಲಟೋನಿನ್ ಮೊದಲಿಗಿಂತ ತಡವಾಗಿ ಸ್ರವಿಸತೊಡಗುತ್ತದೆ. ಆದ್ದರಿಂದ ರಾತ್ರಿ ಎಚ್ಚರವಾಗಿರುವುದು ನಿನಗೆ ಸುಲಭ ಅನ್ನಿಸುತ್ತದೆ, ಅದರ ಸಾಲ ಮಾತ್ರ ಮೊದಲ ಪೀರಿಯಡ್‌ನಲ್ಲಿ ತೀರುತ್ತದೆ. ಗೊತ್ತುಮಾಡಿದ ಹೊತ್ತಾದ ಕೂಡಲೇ, ಕೆಲಸ ಬಾಕಿಯಿದ್ದರೂ ಪುಸ್ತಕ ಮುಚ್ಚು. ಒಂದು ವಾರದ ನಂತರವೂ ಹೀಗೆಯೇ ಉಳಿಯುತ್ತಿದ್ದರೆ ಆ ನಿಮಿಷಗಳ ಪಟ್ಟಿಯನ್ನು ಕ್ಲಾಸ್ ಟೀಚರ್‌ಗೆ ತೋರಿಸು. ‘ತುಂಬಾ ಹೋಂವರ್ಕ್ ಕೊಡುತ್ತೀರಿ’ ಎಂಬ ಮಾತು ದೂರಿನಂತೆ ಕೇಳಿಸುತ್ತದೆ. ‘ಮಂಗಳವಾರ ಐದು ವಿಷಯಗಳಿಗೆ ನಾಲ್ಕು ಗಂಟೆ ಹತ್ತು ನಿಮಿಷ ಹಿಡಿಯಿತು’ ಎಂಬುದನ್ನು ಯಾವ ಶಿಕ್ಷಕರೂ ತಳ್ಳಿಹಾಕಲಾರರು.

ಪ್ರಶ್ನೆ: ಒಂಬತ್ತನೇ ತರಗತಿ. ಗಣಿತದ ಹೋಂವರ್ಕನ್ನು ಸ್ನೇಹಿತನ ಪುಸ್ತಕ ನೋಡಿ ಕಾಪಿ ಹೊಡೆಯುತ್ತೇನೆ, ಇಲ್ಲವೇ ಮೊಬೈಲಿನಲ್ಲಿ ಪ್ರಶ್ನೆಯ ಫೋಟೊ ತೆಗೆದು ಉತ್ತರ ಪಡೆಯುತ್ತೇನೆ. ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಟೆಸ್ಟಿನಲ್ಲಿ ಅದೇ ಥರದ ಲೆಕ್ಕ ಬಂದರೆ ಕೈ ನಿಂತುಬಿಡುತ್ತದೆ. ಹೋಂವರ್ಕ್ ಮಾಡದೆ ಹೋದರೆ ಎಲ್ಲರೆದುರು ನಿಲ್ಲಿಸುತ್ತಾರೆ. ಏನು ಮಾಡಲಿ, ಮೇಡಂ?

ಉತ್ತರ: ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದೀಯಲ್ಲ, ಅದಕ್ಕೆ ಮೊದಲು ನನ್ನ ಮೆಚ್ಚುಗೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಹೋಂವರ್ಕ್ ಪುಸ್ತಕದ ತುಂಬ ಸರಿ ಗುರುತುಗಳೇ ಇದ್ದವು, ಟೆಸ್ಟಿನಲ್ಲಿ ಮಾತ್ರ ಅಂಕ ಬರುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಲೆಕ್ಕ ಕೊಟ್ಟೆ: ಎಕ್ಸ್‌ನಿಂದ 3 ಕಳೆದು, ಉಳಿದದ್ದನ್ನು ಮೈನಸ್ 2ರಿಂದ ಗುಣಿಸಿದರೆ 10 ಬರುತ್ತದೆ, ಎಕ್ಸ್ ಎಷ್ಟು? ಆವರಣ ಬಿಡಿಸುವಾಗ ಮೈನಸ್ 2 ಎಕ್ಸ್ ಎಂದು ಸರಿಯಾಗಿಯೇ ಬರೆದ, ಅದರ ಮುಂದೆ ಮೈನಸ್ 6 ಎಂದು ಬರೆದ. ಮೈನಸ್ 2ನ್ನು ಮೈನಸ್ 3ರಿಂದ ಗುಣಿಸಿದಾಗ ಪ್ಲಸ್ 6 ಬರಬೇಕಿತ್ತು. ಮುಂದಿನ ಸಾಲುಗಳನ್ನೆಲ್ಲ ಕ್ರಮವಾಗಿ ಮಾಡಿದ, ಉತ್ತರ ಮೈನಸ್ 2 ಬರುವ ಬದಲು ಮೈನಸ್ 8 ಬಂತು. ಅವನಿಗೆ ಸಮೀಕರಣ ಗೊತ್ತಿತ್ತು, ಪಕ್ಷಾಂತರ ಗೊತ್ತಿತ್ತು, ತೊಡಕಿದ್ದದ್ದು ಆ ಒಂದೇ ಚಿಹ್ನೆಯಲ್ಲಿ. ಹತ್ತು ನಿಮಿಷದಲ್ಲಿ ತಿದ್ದಬಹುದಾಗಿದ್ದ ಆ ತಪ್ಪು ತಿಂಗಳುಗಟ್ಟಲೆ ನನ್ನ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಅವನ ಪುಸ್ತಕದಲ್ಲಿದ್ದದ್ದು ಇನ್ನೊಬ್ಬನ ಲೆಕ್ಕ. ಹೋಂವರ್ಕ್ ಪುಸ್ತಕ ನಿನ್ನ ಪರವಾಗಿ ಶಿಕ್ಷಕರೊಂದಿಗೆ ಮಾತಾಡುವ ಪುಸ್ತಕ. ಅದರಲ್ಲಿ ಸ್ನೇಹಿತನ ಮಾತನ್ನು ಬರೆದುಕೊಟ್ಟರೆ ಶಿಕ್ಷಕರು ಉತ್ತರಿಸುವುದೂ ಅವನಿಗೇ.

ಬಿಡಿಸಿದ ಲೆಕ್ಕವನ್ನು ನೋಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತ ಕಲಿಯುವವರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹೊಸ ಪಾಠದ ಆರಂಭದಲ್ಲಿ ಬರೀ ಲೆಕ್ಕಗಳೊಂದಿಗೆ ಗುದ್ದಾಡುವುದಕ್ಕಿಂತ ಬಿಡಿಸಿದ ಮಾದರಿಗಳನ್ನು ಅಭ್ಯಾಸ ಮಾಡುವುದರಿಂದ ಹೆಚ್ಚು ಲಾಭವಾಗುವುದನ್ನು ಕಂಡರು. ಆದರೆ ಅಭ್ಯಾಸ ಮಾಡುವುದೆಂದರೆ ಪ್ರತಿ ಸಾಲಿನಲ್ಲೂ ನಿಂತು ‘ಇದು ಮೇಲಿನ ಸಾಲಿನಿಂದ ಹೇಗೆ ಬಂತು’ ಎಂದು ಕೇಳಿಕೊಳ್ಳುವುದು, ಆಮೇಲೆ ಅದನ್ನು ಮುಚ್ಚಿಟ್ಟು ಅಂಥದ್ದೇ ಇನ್ನೊಂದನ್ನು ತಾನೇ ಮಾಡುವುದು. ನಿನಗೆ ಬಿಟ್ಟುಹೋಗಿರುವುದು ಈ ಎರಡನೆಯ ಭಾಗ.

ನಾಳೆಯಿಂದಲೇ ಹೀಗೆ ಮಾಡು. ಮೊದಲ ಹತ್ತು ನಿಮಿಷ ಸ್ನೇಹಿತನ ಪುಸ್ತಕವನ್ನೂ ಮೊಬೈಲನ್ನೂ ಮುಟ್ಟದೆ ನಿನ್ನಿಂದ ಆದಷ್ಟನ್ನು ಬರೆ. ಎಲ್ಲಿ ನಿಂತೆಯೋ ಆ ಸಾಲಿನ ಕೆಳಗೊಂದು ಗೆರೆ ಎಳೆ. ಆಗ ಉತ್ತರ ತೆರೆದು ಮುಂದಿನ ಒಂದು ಸಾಲನ್ನು ಮಾತ್ರ ನೋಡು, ಮತ್ತೆ ಮುಚ್ಚಿ ಉಳಿದದ್ದನ್ನು ನೀನೇ ಮುಂದುವರಿಸು. ನೋಡಿ ಬರೆದ ಸಾಲನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಉತ್ತರ ಬಂದ ಮೇಲೆ ಅದನ್ನು ಮೂಲ ಸಮೀಕರಣದಲ್ಲಿಟ್ಟು ತಾಳೆ ನೋಡು. ಮೈನಸ್ 8ನ್ನು ಇಟ್ಟು ನೋಡಿದ್ದರೆ 10ರ ಬದಲು 22 ಬರುವುದನ್ನು ಆ ಹುಡುಗನೇ ಕಂಡುಹಿಡಿಯುತ್ತಿದ್ದ. ಮೊದಲ ವಾರ ಐದು ಲೆಕ್ಕಗಳಲ್ಲಿ ಎರಡೇ ಆದರೂ ಆಗಲಿ. ನಿಲ್ಲಿಸಿಯಾರು ಎಂಬ ಭಯವಿದ್ದರೆ ತರಗತಿ ಶುರುವಾಗುವ ಮೊದಲೇ ಶಿಕ್ಷಕರ ಬಳಿ ಹೋಗಿ, ಗೆರೆ ಎಳೆದ ಪುಟವನ್ನು ತೋರಿಸಿ, ಇಲ್ಲಿಯವರೆಗೆ ಬಂದಿದ್ದೇನೆ ಎಂದು ಹೇಳು. ಪ್ರಯತ್ನ ಕಾಣುವ ಪುಟವನ್ನು ನೋಡಿದ ಮೇಲೂ ಶಿಕ್ಷಿಸುವ ಶಿಕ್ಷಕರು ತೀರ ಕಡಿಮೆ.

ಪ್ರಶ್ನೆ: ಪ್ರಶ್ನೋತ್ತರಗಳನ್ನು ಮೂರು ನಾಲ್ಕು ಸಲ ಓದಿ ಹೋಂವರ್ಕ್ ಬರೆದರೂ ಒಂದು ವಾರದಲ್ಲಿ ಮರೆತುಹೋಗುತ್ತದೆ. ಹಾಗಾದರೆ ಬರೆದು ಏನು ಉಪಯೋಗ?

ಉತ್ತರ: ಮರೆಯುವುದು ನಿನ್ನೊಬ್ಬನ ದೋಷವಲ್ಲ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆತಿದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲೇ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆ ಎಂದೂ, ಒಂದೇ ಸಲ ಕುಳಿತು ಓದುವುದಕ್ಕಿಂತ ದಿನಗಳ ಅಂತರ ಬಿಟ್ಟು ಓದಿದ್ದು ಹೆಚ್ಚು ಉಳಿಯುತ್ತದೆ ಎಂದೂ ಅವನಿಂದ ತಿಳಿಯಿತು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಗದ್ಯಭಾಗಗಳನ್ನು ಕೊಟ್ಟು ಪರೀಕ್ಷಿಸಿದರು. ಒಮ್ಮೆ ಓದಿದ ಮೇಲೆ ಒಂದು ಭಾಗವನ್ನು ಮತ್ತೆ ಓದಿಸಿದರು, ಇನ್ನೊಂದನ್ನು ಮತ್ತೆ ಓದಲು ಕೊಡದೆ ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಮೇಲಾಗಿತ್ತು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದದ್ದರಲ್ಲಿ ಶೇಕಡಾ 56ರಷ್ಟು, ಮತ್ತೆ ಓದಿದ್ದರಲ್ಲಿ ಶೇಕಡಾ 42ರಷ್ಟು ಉಳಿದಿತ್ತು. ಓದಿದ ತಕ್ಷಣ ‘ನನಗೆ ಬಂತು’ ಅನ್ನಿಸುವುದು ಎಷ್ಟು ಮೋಸ ಮಾಡುತ್ತದೆ ನೋಡು. ಆದ್ದರಿಂದ ಉತ್ತರವನ್ನು ಒಮ್ಮೆ ಗಮನವಿಟ್ಟು ಓದಿ, ಪಠ್ಯಪುಸ್ತಕ ಮುಚ್ಚಿ, ನಿನ್ನದೇ ಮಾತಿನಲ್ಲಿ ಬರೆ. ಬಿಟ್ಟುಹೋದದ್ದನ್ನು ಆಮೇಲೆ ಪುಸ್ತಕ ನೋಡಿ ಸೇರಿಸು. ಮೂರು ದಿನ ಕಳೆದ ಮೇಲೆ ಅದೇ ಪ್ರಶ್ನೆಗೆ ರಫ್ ಹಾಳೆಯಲ್ಲಿ ಬರೀ ಮುಖ್ಯಾಂಶಗಳನ್ನು ಇನ್ನೊಮ್ಮೆ ನೆನಪಿನಿಂದ ಬರೆದು ನೋಡು.

ಪ್ರಶ್ನೆ: ಮಗ ಎಂಟನೇ ತರಗತಿಯಲ್ಲಿದ್ದಾನೆ. ಪಕ್ಕದಲ್ಲಿ ಕುಳಿತು ಹೋಂವರ್ಕ್ ಮಾಡಿಸಿದರೆ ದಿನವೂ ಜಗಳದಲ್ಲೇ ಮುಗಿಯುತ್ತದೆ. ಬಿಟ್ಟರೆ ಮಾಡುವುದಿಲ್ಲ. ಪ್ರಾಜೆಕ್ಟುಗಳನ್ನು ಕೊನೆಗೆ ನಾನೇ ಮಾಡಿಕೊಡುತ್ತೇನೆ. ಹೋಂವರ್ಕ್ ಶಾಲೆಯ ಗ್ರೂಪಿನಲ್ಲಿ ಬರುವುದರಿಂದ ಮೊಬೈಲ್ ಕೊಡದೆ ವಿಧಿಯಿಲ್ಲ.

ಉತ್ತರ: ತಾಯಿಯಾಗಿ ನಿಮಗಾಗುವ ಆತಂಕ ನನಗೆ ಅರ್ಥವಾಗುತ್ತದೆ, ಆದರೂ ತಿದ್ದುವ ಕೆಲಸವನ್ನು ಇಂದಿನಿಂದಲೇ ಬಿಟ್ಟುಬಿಡಿ ಎಂದು ಒತ್ತಾಯಿಸಿ ಹೇಳುತ್ತೇನೆ. ನೀವು ತಿದ್ದಿ ಕಳುಹಿಸಿದ ಪುಸ್ತಕದಿಂದ ಶಿಕ್ಷಕರಿಗೆ ನಿಮ್ಮ ಜ್ಞಾನ ತಿಳಿಯುತ್ತದೆಯೇ ಹೊರತು ಮಗನದ್ದಲ್ಲ. ಹೊತ್ತು ಮತ್ತು ಜಾಗ ಗೊತ್ತುಮಾಡುವುದು ನಿಮ್ಮ ಹೊಣೆ, ಸರಿ-ತಪ್ಪು ಅವನ ಹೊಣೆ. ಅವನು ಬರೆಯುವಾಗ ಅದೇ ಕೋಣೆಯಲ್ಲಿ ನಿಮ್ಮ ಯಾವುದಾದರೂ ಕೆಲಸ ಮಾಡಿಕೊಂಡಿರಿ, ಪುಸ್ತಕದೊಳಗೆ ಇಣುಕಬೇಡಿ. ಮುಗಿದ ಮೇಲೆ ‘ಇವತ್ತು ಯಾವುದು ಕಷ್ಟವಾಯಿತು’ ಎಂದು ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಉತ್ತರ ನಿಮಗೆ ಗೊತ್ತಿದ್ದರೂ ‘ನಾಳೆ ಟೀಚರ್‌ಗೆ ಇದನ್ನೇ ಕೇಳು’ ಎಂದರೆ ಸಾಕು. ಪ್ರಾಜೆಕ್ಟಿನ ವಿಷಯದಲ್ಲಿ ಸಾಮಾನು ತಂದುಕೊಡುವವರೆಗೆ ನೆರವಾಗಿ. ವಕ್ರವಾಗಿ ಕತ್ತರಿಸಿ ಅಂಟಿಸಿದ ಚಿತ್ರ ಅವನದ್ದೇ ಆಗಿರಲಿ.

ಮೊಬೈಲನ್ನು ಹತ್ತು ನಿಮಿಷ ಕೊಡಿ, ಗ್ರೂಪಿನಲ್ಲಿ ಬಂದದ್ದನ್ನು ಅವನು ಡೈರಿಯಲ್ಲಿ ಬರೆದುಕೊಂಡ ಕೂಡಲೇ ವಾಪಸು ಪಡೆದು ಬೇರೆ ಕೋಣೆಯಲ್ಲಿಡಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಅರ್ಧ ನಿಮಿಷ ಮೆಸೇಜ್ ನೋಡಿದರೆ ನಷ್ಟವಾಗುವುದು ಅರ್ಧ ನಿಮಿಷವಷ್ಟೇ ಅಲ್ಲ. ಆ ಹೊತ್ತಿನಲ್ಲಿ ನಿಮ್ಮ ಮೊಬೈಲೂ ನಿಮ್ಮ ಕೈಯಲ್ಲಿ ಇರದಿದ್ದರೆ ಅವನು ತಕರಾರು ಮಾಡುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಹಾಡು ಕೇಳುತ್ತಾ ಹೋಂವರ್ಕ್ ಮಾಡಬಹುದೇ?

ಉತ್ತರ: ನಕ್ಷೆ ಬಿಡಿಸುವಾಗ, ಪಟ್ಟಿ ಎಳೆಯುವಾಗ ಅಡ್ಡಿಯಿಲ್ಲ. ಓದುವಾಗ, ಬರೆಯುವಾಗ ಹಾಡಿನ ಸಾಹಿತ್ಯ ಪುಸ್ತಕದ ವಾಕ್ಯದೊಂದಿಗೆ ಪೈಪೋಟಿಗಿಳಿಯುತ್ತದೆ, ಆಗ ಬೇಡ.

ಪ್ರಶ್ನೆ: ನಾನು ಹೈಸ್ಕೂಲು ಶಿಕ್ಷಕ. ಪ್ರತಿಯೊಬ್ಬ ಶಿಕ್ಷಕರೂ ತಮ್ಮ ವಿಷಯಕ್ಕೆ ಸ್ವಲ್ಪವೇ ಎಂದು ಕೊಡುತ್ತೇವೆ, ಒಟ್ಟಾದಾಗ ಮಕ್ಕಳಿಗೆ ಭಾರವಾಗುತ್ತದೆ. ಹೈಸ್ಕೂಲಿಗೆ ಎಷ್ಟು ಹೋಂವರ್ಕ್ ಸರಿ?

ಉತ್ತರ: ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1987ರಿಂದ 2003ರವರೆಗಿನ ಅಮೆರಿಕದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಹೋಂವರ್ಕಿಗೂ ಕಲಿಕೆಗೂ ಇರುವ ನಂಟು ಕೆಳ ತರಗತಿಗಳಲ್ಲಿ ದುರ್ಬಲವಾಗಿದ್ದು, ಏಳರಿಂದ ಹನ್ನೆರಡನೇ ತರಗತಿಗಳಲ್ಲಿ ಗಟ್ಟಿಯಾಗಿದೆ. ತರಗತಿಯ ಸಂಖ್ಯೆಯನ್ನು ಹತ್ತರಿಂದ ಗುಣಿಸಿದಷ್ಟು ನಿಮಿಷ, ಅದೂ ಎಲ್ಲ ವಿಷಯಗಳೂ ಸೇರಿ, ಎಂಬ ಸೂತ್ರವನ್ನು ಅವರು ಎತ್ತಿಹಿಡಿಯುತ್ತಾರೆ. ಅದರಂತೆ ಒಂಬತ್ತನೇ ತರಗತಿಗೆ ಒಂದೂವರೆ ಗಂಟೆ. ದೇಶದಿಂದ ದೇಶಕ್ಕೆ ವ್ಯತ್ಯಾಸ ಬಹಳ: ಹಲವು ದೇಶಗಳ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ಪೀಸಾ ಎಂಬ ಸಮೀಕ್ಷೆಯಲ್ಲಿ, 2012ರಲ್ಲಿ, ಹದಿನೈದು ವರ್ಷದವರು ಹೋಂವರ್ಕಿಗೆ ವಾರಕ್ಕೆ ಸರಾಸರಿ ಸುಮಾರು 5 ಗಂಟೆ ಕೊಡುತ್ತಿದ್ದರು; ಶಾಂಘೈನಲ್ಲಿ ಅದು ಸುಮಾರು 14 ಗಂಟೆ, ಫಿನ್‌ಲೆಂಡಿನಲ್ಲಿ 3 ಗಂಟೆಗೂ ಕಡಿಮೆ. ಎರಡೂ ಕಡೆಯ ಮಕ್ಕಳು ಚೆನ್ನಾಗಿ ಕಲಿತವರೇ, ಆದ್ದರಿಂದ ಗಂಟೆಗಳ ಸಂಖ್ಯೆಯನ್ನೇ ನೆಚ್ಚಿಕೊಳ್ಳುವುದು ಬೇಡ.

ಸ್ಟಾಫ್ ರೂಮಿನ ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿ ತರಗತಿಗೆ ಆ ದಿನ ಯಾರು ಎಷ್ಟು ನಿಮಿಷದ ಕೆಲಸ ಕೊಟ್ಟಿದ್ದೀರಿ ಎಂದು ಬರೆಯುವ ರೂಢಿ ಮಾಡಿಕೊಳ್ಳಿ. ಒಂದೇ ಥರದ ಇಪ್ಪತ್ತು ಲೆಕ್ಕಗಳ ಬದಲು ಇಂದಿನ ಪಾಠದ ಮೂರು, ಹಳೆಯ ಪಾಠಗಳ ಮೂರು ಕೊಡಿ. ಯಾವ ಸೂತ್ರ ಬಳಸಬೇಕೆಂದು ಆರಿಸಿಕೊಳ್ಳುವುದೇ ಆಗ ಅಭ್ಯಾಸದ ಭಾಗವಾಗುತ್ತದೆ. ತಿದ್ದಲು ನಮಗೆ ಹೊತ್ತಿಲ್ಲದಷ್ಟು ಹೋಂವರ್ಕನ್ನು ನಾವು ಕೊಡಕೂಡದು. ಮಗು ಒಂದು ಗಂಟೆ ಕುಳಿತು ಬರೆದದ್ದರ ಮೇಲೆ ಬರೀ ಸಹಿ ಬೀಳುವುದನ್ನು ಕಂಡಾಗಲೇ ಕಾಪಿ ಹೊಡೆಯುವುದನ್ನು ಕಲಿಯುತ್ತದೆ. ಇಂಪೊಸಿಷನ್ ಬರೆಸುವುದನ್ನಂತೂ ದಯವಿಟ್ಟು ನಿಲ್ಲಿಸಿ, ಬರವಣಿಗೆಯೇ ಶಿಕ್ಷೆಯಾದ ಮೇಲೆ ಪ್ರಬಂಧ ಬರೆಯಲು ಯಾರಿಗೆ ಮನಸ್ಸು ಬಂದೀತು?

ಪ್ರಶ್ನೆ: ಮನೆಯಲ್ಲಿರುವುದು ಒಂದೇ ಕೋಣೆ. ಅಮ್ಮ ಕೆಲಸದಿಂದ ಬರುವವರೆಗೆ ಇಬ್ಬರು ತಮ್ಮಂದಿರನ್ನು ನಾನೇ ನೋಡಿಕೊಳ್ಳಬೇಕು. ಹೋಂವರ್ಕ್ ಅರ್ಧವಾಗಿರುತ್ತದೆ, ಶಾಲೆಯಲ್ಲಿ ಸೋಮಾರಿ ಅನ್ನುತ್ತಾರೆ. ಕಾರಣ ಹೇಳಲು ಸಂಕೋಚ. ಒಂದು ಲೆಕ್ಕವನ್ನೂ ಪತ್ರದ ಹಿಂದೆ ಬರೆದಿದ್ದೇನೆ, ಮುಂದೆ ಹೋಗುತ್ತಿಲ್ಲ. (ಹತ್ತನೇ ತರಗತಿ)

ಉತ್ತರ: ನೀನು ಸೋಮಾರಿಯಲ್ಲ, ನಿನ್ನ ವಯಸ್ಸಿನವರು ಹೊರುವುದಕ್ಕಿಂತ ಹೆಚ್ಚಿನದನ್ನೇ ಹೊತ್ತಿದ್ದೀಯ. ಮೇಲೆ ಹೇಳಿದ ಸಮೀಕ್ಷೆಯಲ್ಲೇ, ಅನುಕೂಲವಂತರ ಮಕ್ಕಳು ಅನುಕೂಲವಿಲ್ಲದವರ ಮಕ್ಕಳಿಗಿಂತ ವಾರಕ್ಕೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತನ್ನು ಹೋಂವರ್ಕಿಗೆ ಕೊಡುತ್ತಾರೆ ಎಂದು ಕಂಡುಬಂದಿತ್ತು. ಜಾಗವೂ ಬಿಡುವೂ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ ಎಂಬುದನ್ನು ಶಿಕ್ಷಕರು ಮರೆಯಬಾರದು, ಆದರೆ ಹೇಳದೆ ಹೋದರೆ ಅವರಿಗೆ ಗೊತ್ತಾಗುವುದೂ ಇಲ್ಲ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಪುಟದ ಕೊನೆಯಲ್ಲಿ ಎರಡು ಸಾಲು ಬರೆ: ‘ಸಂಜೆ ತಮ್ಮಂದಿರನ್ನು ನೋಡಿಕೊಳ್ಳಬೇಕಾಗಿರುವುದರಿಂದ ಇಷ್ಟು ಮಾತ್ರ ಮಾಡಲು ಸಾಧ್ಯವಾಯಿತು. ಉಳಿದದ್ದನ್ನು ಶಾಲೆಯಲ್ಲಿ ಬಿಡುವಿನ ವೇಳೆ ಮಾಡಲು ಅನುಮತಿ ಕೊಡಿ.’ ಶಾಲೆಯ ಗ್ರಂಥಾಲಯದಲ್ಲೋ ಖಾಲಿ ತರಗತಿಯಲ್ಲೋ ಸಿಗುವ ಅರ್ಧ ಗಂಟೆಯಲ್ಲಿ ಯೋಚಿಸಬೇಕಾದ ಕೆಲಸವನ್ನೇ ಮಾಡು, ನೋಡಿ ಬರೆಯುವುದನ್ನು ತಮ್ಮಂದಿರ ಗಲಾಟೆಯ ನಡುವೆಯೂ ಮಾಡಬಹುದು.

ಇನ್ನು ನಿನ್ನ ಲೆಕ್ಕ: ಎರಡು ಕ್ರಮಾಗತ ಧನ ಪೂರ್ಣಾಂಕಗಳ ಗುಣಲಬ್ಧ 342, ಆ ಸಂಖ್ಯೆಗಳು ಯಾವುವು? ಚಿಕ್ಕದನ್ನು ಎಕ್ಸ್ ಎಂದಿಟ್ಟುಕೊಂಡು, ಎಕ್ಸ್ ವರ್ಗ ಪ್ಲಸ್ ಎಕ್ಸ್ ಮೈನಸ್ 342 ಸಮ ಸೊನ್ನೆ ಎಂಬಲ್ಲಿಗೆ ಬಂದು ನಿಲ್ಲಿಸಿದ್ದೀಯ. ಅಲ್ಲಿಯವರೆಗೆ ಪ್ರತಿ ಸಾಲೂ ಸರಿಯಾಗಿದೆ. ಈಗ 342ನ್ನು ಒಂದಕ್ಕಿಂತ ಇನ್ನೊಂದು 1 ಹೆಚ್ಚಿರುವ ಎರಡು ಅಪವರ್ತನಗಳಾಗಿ ಒಡೆಯಬೇಕು. 18ರ ವರ್ಗ 324, 19ರ ವರ್ಗ 361. 342 ಇವೆರಡರ ನಡುವೆ ಇದೆ. ಮುಂದಿನ ಸಾಲನ್ನು ನೀನೇ ಬರೆ.